ಎಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ಗ್ರಂಥಾಲಯ ಬೇಕಾಗುವುದು ಯಾವಾಗ?

ಅಂತಿಮ ವರ್ಷದ ಪ್ರಾಜೆಕ್ಟ್ ತಂಡಗಳು ಗ್ರಂಥಾಲಯದ ಉಲ್ಲೇಖ ವಿಭಾಗಕ್ಕೆ ಬರುವುದು ಸಾಮಾನ್ಯವಾಗಿ ವರದಿ ಸಲ್ಲಿಸಲು ಕೆಲವೇ ವಾರಗಳು ಉಳಿದಿರುವಾಗ. ಅಷ್ಟರಲ್ಲಿ ಯಂತ್ರದ ಚೌಕಟ್ಟಿಗೆ ಬೆಸುಗೆ ಬಿದ್ದಿರುತ್ತದೆ, ಮೋಟರ್ ಖರೀದಿಯಾಗಿರುತ್ತದೆ, ಬಾಕಿ ಇರುವುದು ಹಿಂದಿನ ಸಂಶೋಧನೆಗಳನ್ನು ಪರಿಚಯಿಸುವ ಸಾಹಿತ್ಯ ಸಮೀಕ್ಷೆಯ ಅಧ್ಯಾಯ ಮಾತ್ರ. ‘ನಮ್ಮ ವಿಷಯಕ್ಕೆ ಹೊಂದುವ ಹದಿನೈದು ಪೇಪರ್ ಹುಡುಕಿಕೊಡಿ, ಸರ್’ ಎಂಬ ಬೇಡಿಕೆಯನ್ನು ಪೂರೈಸುವುದು ಗ್ರಂಥಪಾಲಕರಾದ ನಮಗೆ ಕಷ್ಟವೇನಲ್ಲ. ಆದರೆ ಆ ಹಂತದಲ್ಲಿ ಸಿಕ್ಕ ಪೇಪರ್‌ಗಳಿಂದ ವಿನ್ಯಾಸದ ಒಂದು ಬೋಲ್ಟ್ ಕೂಡ ಬದಲಾಗುವುದಿಲ್ಲ. ವಿನ್ಯಾಸದ ಚಿತ್ರ ಬಿಡಿಸುವ ಕ್ಯಾಡ್ ತಂತ್ರಾಂಶ ತೆರೆಯುವುದಕ್ಕೂ ಮುಂಚೆ, ‘ಗಟ್ಟಿಯಾಗಿರಬೇಕು’, ‘ಸುರಕ್ಷಿತವಾಗಿರಬೇಕು’ ಎಂಬಂಥ ಸಡಿಲ ಮಾತುಗಳನ್ನು ಅಳೆಯಬಹುದಾದ ಸಂಖ್ಯೆಗಳಾಗಿ ಮಾರ್ಪಡಿಸುವ ದಿನಗಳಲ್ಲಿ ಗ್ರಂಥಾಲಯದ ನಿಜವಾದ ಉಪಯೋಗವಿದೆ ಎಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳು ಮತ್ತೆ ಮತ್ತೆ ಆರಿಸಿಕೊಳ್ಳುವ ಒಂದು ವಿಷಯವನ್ನೇ ನೋಡೋಣ: ಮೆಟ್ಟಿಲು ಹತ್ತುವ ಗಾಲಿಕುರ್ಚಿ. ಹೆಚ್ಚಿನ ತಂಡಗಳು ಮೊದಲ ದಿನವೇ ಕಾರ್ಯವಿಧಾನದ ಚರ್ಚೆಗೆ ಇಳಿಯುತ್ತವೆ. ಟ್ಯಾಂಕಿನಂಥ ಪಟ್ಟಿಗಾಲಿ ಬೇಕೇ, ಮೂರು ಗಾಲಿಗಳ ಗುಚ್ಛ ಸಾಕೇ ಎಂದು ವಾದಿಸುತ್ತವೆ. ಕುಳಿತುಕೊಳ್ಳುವವರ ತೂಕವೆಷ್ಟು, ಕುರ್ಚಿ ಹಾದುಹೋಗಬೇಕಾದ ಬಾಗಿಲಿನ ಅಗಲವೆಷ್ಟು, ಮೆಟ್ಟಿಲಿನ ಎತ್ತರ ಮತ್ತು ಇಳಿಜಾರು ಎಷ್ಟರವರೆಗೆ ಇರಬಹುದು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಆ ವಾದ ಇತ್ಯರ್ಥವಾಗುವುದಿಲ್ಲ. ದೇಹದ ಅಳತೆಗಳನ್ನು ತೆಗೆದುಕೊಳ್ಳುವ ಕ್ರಮವನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್ಒದ 7250ನೆಯ ಮಾನಕ ಹೇಳುತ್ತದೆ. ಅಂಥ ಅಳತೆಗಳ ಕೋಷ್ಟಕಗಳಿರುವ ಪುಸ್ತಕಗಳು, ಡ್ಯೂಯಿ ದಶಮಾಂಶ ವರ್ಗೀಕರಣ ಅನುಸರಿಸುವ ಗ್ರಂಥಾಲಯಗಳಲ್ಲಿ, 620.82ರ ಆಸುಪಾಸಿನ ಕಪಾಟಿನಲ್ಲಿರುತ್ತವೆ. ಮೆಟ್ಟಿಲಿನ ಅಳತೆಗೆ ಆಯಾ ದೇಶದ ಕಟ್ಟಡ ಸಂಹಿತೆಯನ್ನು ನೋಡಬೇಕು. ಅದು ಸಿವಿಲ್ ವಿಭಾಗದವರ ಕಪಾಟು ಎಂದುಕೊಂಡು ಮೆಕ್ಯಾನಿಕಲ್ ವಿದ್ಯಾರ್ಥಿಗಳು ಆ ಕಡೆ ತಿರುಗಿಯೂ ನೋಡುವುದಿಲ್ಲ.

ಆದರೆ ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವುದು ಮಾನಕಗಳ ಸಂಗ್ರಹ, ಅಂದರೆ ಸ್ಟ್ಯಾಂಡರ್ಡ್‌ಗಳು. ಗಾಲಿಕುರ್ಚಿಗಳಿಗೆಂದೇ ಐಎಸ್ಒ 7176 ಎಂಬ ದೊಡ್ಡ ಸರಣಿಯಿದೆ. ಅದರ 1ನೆಯ ಭಾಗ ನಿಂತಲ್ಲಿನ ಸ್ಥಿರತೆಯನ್ನು ಪರೀಕ್ಷಿಸುವ ಬಗೆಯನ್ನು ಹೇಳಿದರೆ, 5ನೆಯ ಭಾಗ ಅಳತೆ, ತೂಕ ಮತ್ತು ತಿರುಗಲು ಬೇಕಾದ ಜಾಗವನ್ನು ಕುರಿತದ್ದು. 28ನೆಯ ಭಾಗವಂತೂ ಮೆಟ್ಟಿಲು ಹತ್ತುವ ಸಾಧನಗಳಿಗೇ ಮೀಸಲು. ಇದೇ ವಿಷಯದ ಮೇಲೆ ಇಡೀ ವರ್ಷ ಕೆಲಸ ಮಾಡಿದ ತಂಡಗಳಿಗೂ ಅಂಥದ್ದೊಂದು ಭಾಗವಿದೆ ಎಂಬುದು ಗೊತ್ತಿರದಿರುವುದನ್ನು ನಾನು ಕಂಡಿದ್ದೇನೆ.

8ನೆಯ ಭಾಗ ಕುರ್ಚಿಯ ಬಲವನ್ನು ಕುರಿತದ್ದು. ಅದರ ಪ್ರಕಾರ, ಮನುಷ್ಯನ ಭಾರದ ಬೊಂಬೆಯನ್ನು ಕೂರಿಸಿದ ಕುರ್ಚಿಯನ್ನು ಉಬ್ಬುಪಟ್ಟಿಗಳಿರುವ ಎರಡು ಉರುಳೆಗಳ ಯಂತ್ರದ ಮೇಲೆ 2,00,000 ಸುತ್ತು ಓಡಿಸಬೇಕು, ಆಮೇಲೆ 50 ಮಿಲಿಮೀಟರ್ ಎತ್ತರದಿಂದ 6,666 ಬಾರಿ ಬೀಳಿಸಬೇಕು. ಈ ಎರಡು ಸಂಖ್ಯೆಗಳನ್ನು ಓದಿದ ವಿದ್ಯಾರ್ಥಿಗೆ ತನ್ನ ಲೆಕ್ಕಾಚಾರ ಎಲ್ಲಿ ಸೊರಗಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಒಮ್ಮೆ 100 ಕಿಲೋಗ್ರಾಂ ಭಾರ ಹಾಕಿ, ಕಂಪ್ಯೂಟರ್ ಪರದೆಯ ಮೇಲೆ ಅಪಾಯದ ಒತ್ತಡ ತೋರಿಸುವ ಕೆಂಪು ಬಣ್ಣ ಕಾಣಿಸಲಿಲ್ಲ ಎಂದು ಮುಗಿಸಿಬಿಡುವ ವಿಶ್ಲೇಷಣೆ ಇಲ್ಲಿ ಸಾಲದು. ಮತ್ತೆ ಮತ್ತೆ ಬೀಳುವ ಹೊಡೆತಕ್ಕೆ ಲೋಹ ಎಷ್ಟು ಕಾಲ ತಾಳುತ್ತದೆ, ಅಂದರೆ ಫಟೀಗ್, ಇಲ್ಲಿನ ಮುಖ್ಯ ಪ್ರಶ್ನೆಯಾಗುತ್ತದೆ. ಈ ಅರಿವು ವರ್ಷದ ಆರಂಭದಲ್ಲಿ ಮೂಡಿದರೆ ಚೌಕಟ್ಟಿನ ಆಕಾರವೇ ಬೇರೆಯಾಗುತ್ತದೆ. ಕೊನೆಯಲ್ಲಿ ಮೂಡಿದರೆ ವರದಿಯ ‘ಮುಂದಿನ ಕೆಲಸ’ ಎಂಬ ಭಾಗಕ್ಕೆ ಒಂದು ಸಾಲು ಸೇರುತ್ತದೆ, ಅಷ್ಟೆ.

ಮಾನಕದ ಸಂಖ್ಯೆಯ ಜೊತೆ ಬರುವ ವರ್ಷವನ್ನು ಕಡೆಗಣಿಸಬಾರದು. ಐಎಸ್ಒ ತನ್ನ ಮಾನಕಗಳನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆಗೆ ಒಳಪಡಿಸುತ್ತದೆ. ಕೆಲವು ಹಾಗೆಯೇ ಮುಂದುವರಿಯುತ್ತವೆ, ಕೆಲವು ಪರಿಷ್ಕರಣೆಯಾಗುತ್ತವೆ, ಕೆಲವನ್ನು ಹಿಂಪಡೆಯಲಾಗುತ್ತದೆ. ಅಂತರ್ಜಾಲದಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಹಳೆಯ ಪ್ರತಿಯನ್ನು ನಂಬಿ ಕೆಲಸ ಮಾಡುವವರು ಇದನ್ನು ಗಮನಿಸುವುದಿಲ್ಲ.

ಫಟೀಗ್ ಎಂದ ಮೇಲೆ ವಸ್ತುಗುಣಗಳ ಕೈಪಿಡಿಗಳ ಮಾತು ಬರಲೇಬೇಕು. 6061-ಟಿ6 ಅಲ್ಯೂಮಿನಿಯಂ ವಿದ್ಯಾರ್ಥಿಗಳಿಗೆ ಬಹಳ ಪ್ರಿಯವಾದ ಲೋಹ, ಮತ್ತು ಅದರ ಯೀಲ್ಡ್ ಸ್ಟ್ರೆಂತ್ (ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ) 276 ಮೆಗಾಪಾಸ್ಕಲ್ ಎಂಬುದು ಬಹುತೇಕ ಎಲ್ಲರ ವರದಿಯಲ್ಲೂ ಕಾಣುವ ಸಂಖ್ಯೆ. ಸಂಖ್ಯೆ ತಪ್ಪಲ್ಲ, ಆದರೆ ಅದು ‘ಸಾಮಾನ್ಯವಾಗಿ ಕಂಡುಬರುವ’ ಮೌಲ್ಯ. ಎಕ್ಸ್‌ಟ್ರೂಷನ್ ವಿಧಾನದಿಂದ, ಅಂದರೆ ಅಚ್ಚಿನ ಮೂಲಕ ಒತ್ತಿ ತೆಗೆದು, ಬಂದ ಪಟ್ಟಿ, ಕೊಳವೆಗಳಿಗೆ ಅನ್ವಯಿಸುವ ಎಎಸ್‌ಟಿಎಂ ಬಿ221 ಎಂಬ ಅಮೆರಿಕದ ಮಾನಕ ಖಾತರಿ ಕೊಡುವ ಕನಿಷ್ಠ ಮೌಲ್ಯ 240. ಬೆಸುಗೆ ಹಾಕಿದ ಜಾಗದಲ್ಲಿ, ಶಾಖದಿಂದ ಟಿ6 ಎಂಬ, ಬಿಸಿ ಮಾಡಿ ಗಟ್ಟಿಗೊಳಿಸಿದ ಹದ ಕೆಟ್ಟುಹೋಗುವುದರಿಂದ, ವಿನ್ಯಾಸಕ್ಕೆ ಬಳಸಬಹುದಾದ ಮೌಲ್ಯ ಅದರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಇನ್ನು 50 ಕೋಟಿ ಆವರ್ತನಗಳಲ್ಲಿ ಅಳೆದ ಫಟೀಗ್ ಬಲ ಸುಮಾರು 97 ಮೆಗಾಪಾಸ್ಕಲ್, ಅದೂ ನುಣುಪಾಗಿ ಉಜ್ಜಿದ, ಬೆಸುಗೆಯಿಲ್ಲದ ಮಾದರಿ ತುಂಡಿನಲ್ಲಿ. ಗಾಲಿಕುರ್ಚಿಯ ಚೌಕಟ್ಟು ಒಡೆಯುವುದು ಹೆಚ್ಚಾಗಿ ಬೆಸುಗೆಯ ಬುಡದಲ್ಲಿಯೇ. ಹುಡುಕಾಟದ ಮೊದಲ ಪುಟದಲ್ಲಿ ಸಿಗುವ ಒಂಟಿ ಸಂಖ್ಯೆಗೂ ಕೈಪಿಡಿಯ ಕೋಷ್ಟಕಕ್ಕೂ ಇರುವ ವ್ಯತ್ಯಾಸ ಇದೇ: ಕೋಷ್ಟಕದ ಕೆಳಗಿನ ಸಣ್ಣಕ್ಷರದ ಟಿಪ್ಪಣಿಯಲ್ಲಿ ಆ ಸಂಖ್ಯೆ ಯಾವ ಷರತ್ತಿಗೆ ಒಳಪಟ್ಟಿದೆ ಎಂಬುದು ಇರುತ್ತದೆ.

ಪೇಟೆಂಟ್‌ಗಳನ್ನು ನೋಡಲು ಗ್ರಂಥಾಲಯದ ಚಂದಾ ಬೇಕಿಲ್ಲ. ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್‌ನಂತಹ ಉಚಿತ ತಾಣಗಳು ಸಾಕು. ಹಾಗಿದ್ದರೂ ಈ ಹುಡುಕಾಟಕ್ಕೆ ಗ್ರಂಥಪಾಲಕರ ನೆರವು ಬೇಕಾಗುತ್ತದೆ, ಏಕೆಂದರೆ ಪೇಟೆಂಟ್ ಬರೆಯುವವರು ಗಾಲಿಕುರ್ಚಿಯನ್ನು ಯಾವಾಗಲೂ ಗಾಲಿಕುರ್ಚಿ ಎಂದೇ ಕರೆಯುವುದಿಲ್ಲ. ‘ವೈಯಕ್ತಿಕ ಸಾಗಣೆ ಸಾಧನ’ ಎಂದೋ ಮತ್ತೇನೋ ಎಂದೋ ಬರೆದು ವ್ಯಾಪ್ತಿಯನ್ನು ಹಿಗ್ಗಿಸುವುದು ಅವರ ವೃತ್ತಿಧರ್ಮ. ಆದ್ದರಿಂದ ಪದಗಳನ್ನು ಬಿಟ್ಟು ವರ್ಗಸಂಕೇತ ಹಿಡಿದು ಹುಡುಕಬೇಕು. ಎ61ಜಿ 5 ಎಂದರೆ ರೋಗಿಗಳ ಹಾಗೂ ಅಂಗವಿಕಲರ ಕುರ್ಚಿಗಳು. ಅದರೊಳಗೆ 5/06 ಎಂದರೆ ಮೆಟ್ಟಿಲಿನಂಥ ಅಡೆತಡೆ ಹತ್ತುವ ಸೌಲಭ್ಯವುಳ್ಳವು. ಈ ಒಂದು ಸಂಕೇತದಡಿ ಹಲವು ದಶಕಗಳ ಪ್ರಯತ್ನಗಳು ಚಿತ್ರಸಮೇತ ಒಟ್ಟಿಗೆ ಸಿಗುತ್ತವೆ, ಮತ್ತು ನಿಮ್ಮ ತಂಡದ ಹೊಸ ಕಲ್ಪನೆ ಎಷ್ಟು ಹೊಸದು ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ.

ಓದುವಾಗ ಮೊದಲು ಚಿತ್ರಗಳನ್ನು, ಬಳಿಕ ಹಿನ್ನೆಲೆಯ ಭಾಗವನ್ನು, ಕೊನೆಗೆ ಹಕ್ಕುಸಾಧನೆಗಳನ್ನು (ತಮ್ಮದೆಂದು ಹಕ್ಕು ಕೇಳುವ ಅಂಶಗಳನ್ನು) ನೋಡುವುದು ಒಳ್ಳೆಯದು. ಹಿಂದಿನ ಸಾಧನಗಳು ಎಲ್ಲೆಲ್ಲಿ ಸೋತವು ಎಂಬುದನ್ನು ಹಿನ್ನೆಲೆಯ ಭಾಗದಲ್ಲಿ ಅರ್ಜಿದಾರರು ನಿರ್ದಾಕ್ಷಿಣ್ಯವಾಗಿ ಬರೆದಿರುತ್ತಾರೆ. ಸಂಶೋಧನಾ ಪತ್ರಿಕೆಗಳಲ್ಲಿ ಇಷ್ಟು ನೇರವಾದ ಟೀಕೆ ಸಿಗುವುದು ಕಡಿಮೆ. ಪೇಟೆಂಟ್‌ನ ಅವಧಿ ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅಮೆರಿಕದ ಆವಿಷ್ಕಾರಕ ಡೀನ್ ಕೇಮನ್ ಅವರ ಮೆಟ್ಟಿಲು ಹತ್ತುವ ಐಬಾಟ್ ಗಾಲಿಕುರ್ಚಿಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಜೋಡಿ ಗಾಲಿಗಳ ಗುಚ್ಛವೇ ತಿರುಗಿ ಮೆಟ್ಟಿಲು ಹತ್ತುವ ಆ ಬಗೆಯ ಕಾರ್ಯವಿಧಾನಕ್ಕೆ 1990ರ ದಶಕದಲ್ಲಿ ಸಲ್ಲಿಸಿದ ಪೇಟೆಂಟ್‌ಗಳ ಅವಧಿ ಈಗ ಮುಗಿದಿದೆ. ಅವುಗಳಲ್ಲಿನ ವಿವರಗಳನ್ನು ಅಧ್ಯಯನ ಮಾಡಿ ಬಳಸಿಕೊಳ್ಳಲು ವಿದ್ಯಾರ್ಥಿಗಳು ಅಂಜಬೇಕಾಗಿಲ್ಲ.

ಇಷ್ಟಾದ ಮೇಲೆ ಸಂಶೋಧನಾ ಲೇಖನಗಳ ಸರದಿ. ಐಇಇಇ ಎಕ್ಸ್‌ಪ್ಲೋರ್, ಸ್ಕೋಪಸ್, ಕಾಂಪೆಂಡೆಕ್ಸ್‌ನಂತಹ ಡೇಟಾಬೇಸ್‌ಗಳಲ್ಲಿ ಇಡೀ ವಾಕ್ಯವನ್ನು ಟೈಪ್ ಮಾಡುವ ಅಭ್ಯಾಸವನ್ನು ಬಿಡಬೇಕು. ವಿಷಯವನ್ನು ಎರಡು ಮೂರು ಪರಿಕಲ್ಪನೆಗಳಾಗಿ ಒಡೆದು, ಒಂದೊಂದರ ಸಮಾನಾರ್ಥಕ ಪದಗಳನ್ನು ‘ಆರ್’ (OR) ಮೂಲಕ ಕೂಡಿಸಿ, ಆ ಗುಂಪುಗಳನ್ನು ‘ಅಂಡ್’ (AND) ಮೂಲಕ ಜೋಡಿಸಿದರೆ ಫಲಿತಾಂಶದ ಗುಣಮಟ್ಟ ಕೂಡಲೇ ಸುಧಾರಿಸುತ್ತದೆ. ಒಂದು ಒಳ್ಳೆಯ ಲೇಖನ ಕೈಗೆ ಸಿಕ್ಕ ಬಳಿಕ ಅದು ಯಾರನ್ನು ಉಲ್ಲೇಖಿಸಿದೆ, ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆ ಎಂದು ಹಿಂದೆ ಮುಂದೆ ಹೋಗುವುದು ಹೊಸ ಹುಡುಕಾಟಕ್ಕಿಂತ ಲಾಭದಾಯಕ. ಹಿಂದಿನ ಬ್ಯಾಚ್‌ಗಳ ಪ್ರಾಜೆಕ್ಟ್ ವರದಿಗಳಲ್ಲಿ ಪ್ರಸ್ತಾವನೆಯನ್ನು ಬಿಟ್ಟು ಪರೀಕ್ಷೆಯ ಅಧ್ಯಾಯವನ್ನಷ್ಟೇ ಓದಿದರೂ ಸಾಕು.

ಲೆಕ್ಕದ ಹಾಳೆಯಲ್ಲಿ ಒಂದು ಸಂಖ್ಯೆ ಬರೆದ ತಕ್ಷಣ ಅದರ ಪಕ್ಕದಲ್ಲೇ ಆಕರ, ಆವೃತ್ತಿಯ ವರ್ಷ ಮತ್ತು ಕೋಷ್ಟಕದ ಸಂಖ್ಯೆಯನ್ನು ಬರೆದಿಡಬೇಕು; ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ‘ಈ 240 ಎಲ್ಲಿಂದ ಬಂತು?’ ಎಂದು ಕೇಳಿದಾಗ ಮಾರ್ಗದರ್ಶಕರ ಮುಖ ನೋಡುವ ಪ್ರಸಂಗ ಬರುವುದಿಲ್ಲ. ಬೇಕಾದ ಮಾನಕ ಅಥವಾ ಪುಸ್ತಕ ನಮ್ಮಲ್ಲಿಲ್ಲದಿದ್ದರೆ ಅಂತರ ಗ್ರಂಥಾಲಯ ಎರವಲಿನ ಮೂಲಕ ತರಿಸಲು ಅಥವಾ ಖರೀದಿಗೆ ಶಿಫಾರಸು ಮಾಡಲು ಅವಕಾಶವಿದೆ. ಎರಡಕ್ಕೂ ವಾರಗಟ್ಟಲೆ ಸಮಯ ಹಿಡಿಯುವುದರಿಂದ ಕೋರಿಕೆಯನ್ನು ಪ್ರಾಜೆಕ್ಟ್‌ನ ಶೀರ್ಷಿಕೆ ಅಂತಿಮವಾದ ವಾರದಲ್ಲೇ ಕೊಡಬೇಕು, ಮತ್ತು ಕೋರಿಕೆಯ ಚೀಟಿಯಲ್ಲಿ ‘ಗಾಲಿಕುರ್ಚಿಯ ಮಾನಕ’ ಎಂದಷ್ಟೇ ಬರೆಯದೆ ಸಂಖ್ಯೆ, ಭಾಗ, ವರ್ಷ ಮೂರನ್ನೂ ನಮೂದಿಸಬೇಕು.