ಮನೆ ಚೊಕ್ಕಟವಾಗಿದ್ದರೂ ಮಗುವಿಗೆ ಬೆಳಿಗ್ಗೆ ಸೀನು ಏಕೆ?

ಪ್ರಶ್ನೆ: ಏಳು ವರ್ಷದ ಮಗನಿಗೆ ಆಸ್ತಮಾ ಇದೆ. ದಿನಾ ಗುಡಿಸಿ ಒರೆಸುತ್ತೇವೆ. ಆದರೂ ಎದ್ದ ಕೂಡಲೇ ಒಂದರ ಹಿಂದೊಂದು ಸೀನು, ರಾತ್ರಿ ಕೆಮ್ಮು. ಯಾಕೆ?

ಉತ್ತರ: ನೆಲಕ್ಕಿಂತ ಮೊದಲು ಹಾಸಿಗೆ ನೋಡಿ. ಏಳುವ ಹೊತ್ತಿಗೇ ಸೀನು ಹೆಚ್ಚೆಂದರೆ ಮೊದಲ ಅನುಮಾನ ಡಸ್ಟ್ ಮೈಟ್, ಅಂದರೆ ಧೂಳಿನ ನುಸಿಯ ಮೇಲೆ. ಸುಮಾರು 0.3 ಮಿ.ಮೀ. ಉದ್ದದ ಈ ಜೀವಿ ಕಚ್ಚುವುದಿಲ್ಲ. ಮೈಯಿಂದ ಉದುರಿದ ಚರ್ಮದ ಹೊಟ್ಟು ತಿಂದು, ಗಾಳಿಯ ತೇವ ಹೀರಿ ಬದುಕುತ್ತದೆ. ಬೆವರು ಕುಡಿದ ಹತ್ತಿ ಹಾಸಿಗೆ, ದಿಂಬು, ವರ್ಷಕ್ಕೊಮ್ಮೆ ಒಗೆಯುವ ಕೌದಿ ಅದಕ್ಕೆ ಒಳ್ಳೆಯ ಮನೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಹಾಗಾಗಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದರಷ್ಟೇ ಸಾಲದು. ನುಸಿ ಸತ್ತರೂ ಹಿಕ್ಕೆ ಅಲ್ಲೇ ಉಳಿಯುತ್ತದೆ.

ಹಾಸಿಗೆ, ದಿಂಬು ಎರಡಕ್ಕೂ ಸುತ್ತ ಜಿಪ್ ಇರುವ, ಒತ್ತಾದ ನೇಯ್ಗೆಯ ಮೈಟ್ ಕವರ್ ಹಾಕಿ. ಮೇಲ್ಭಾಗ ಮಾತ್ರ ಮುಚ್ಚುವ ಕವರ್ ಪ್ರಯೋಜನವಿಲ್ಲ. ಬೆಡ್‌ಶೀಟ್, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿನಲ್ಲಿ ಹಿಕ್ಕೆ ಹೋದರೂ ನುಸಿ ಬಹುಪಾಲು ಬದುಕಿರುತ್ತದೆ. ಬಿಸಿನೀರಿನ ಮಷಿನ್ ಇಲ್ಲವೆ? ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಸುಮಾರು 60 ಡಿಗ್ರಿ ಆಗುತ್ತದೆ. ಬಟ್ಟೆ ಹಾಕಿದಾಗ ಬಿಸಿ ಇಳಿಯುವುದರಿಂದ ಕುದಿನೀರು ತುಸು ಹೆಚ್ಚೇ ಇರಲಿ, ಮಗು ಹತ್ತಿರ ಸುಳಿಯದಿರಲಿ. ಒಗೆಯಲಾಗದ ಬೊಂಬೆಯನ್ನು ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಹೊರಗೆ ಚೆನ್ನಾಗಿ ಕೊಡವಿ.

ಹಾಸಿಗೆ ಕೊಡವುವಾಗ, ಕಸ ಗುಡಿಸುವಾಗ ಎದ್ದ ಧೂಳು ಕೆಳಗಿಳಿಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಮಗು ಬೇರೆ ಕೋಣೆಯಲ್ಲಿರಲಿ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು.

ಇಷ್ಟಾದರೂ ಕಡಿಮೆಯಾಗದಿದ್ದರೆ ಅಡುಗೆಮನೆಯ ಜಿರಲೆ, ಗೋಡೆಯ ಬೂಷ್ಟು ನೋಡಿ. ಜಿರಲೆಗೆ ಸ್ಪ್ರೇ ಬೇಡ, ಅದೇ ಶ್ವಾಸನಾಳವನ್ನು ಕೆರಳಿಸುತ್ತದೆ. ಸಿಂಕಿನ ಕೆಳಗೆ, ಸಂದುಗಳಲ್ಲಿ ಜೆಲ್ ಇಡಿ. ನೀರು ಸೋರುವುದನ್ನು ನಿಲ್ಲಿಸದೆ ಬಣ್ಣ ಬಳಿದರೆ ಬೂಷ್ಟು ಮತ್ತೆ ಬರುತ್ತದೆ. ಊದುಬತ್ತಿ, ಸೊಳ್ಳೆ ಕಾಯಿಲ್ ಅಲರ್ಜಿಕಾರಕಗಳಲ್ಲ, ಆದರೆ ಅವುಗಳ ಹೊಗೆಯಿಂದ ಕೆಮ್ಮು ಏರುತ್ತದೆ. ಮಗು ಮಲಗುವ ಕೋಣೆಯಲ್ಲಂತೂ ಹಚ್ಚಲೇಬೇಡಿ.

ಯಾವುದಕ್ಕೆ ಅಲರ್ಜಿ ಎಂದು ಚರ್ಮದ ಪರೀಕ್ಷೆಯಲ್ಲಿ ತಿಳಿಯುತ್ತದೆ. ಬೆಕ್ಕು, ನಾಯಿಯನ್ನು ಮನೆ ಬಿಡಿಸುವ ಮುನ್ನ ಅದನ್ನು ಮಾಡಿಸಿ. ಕವರ್ ಹಾಕಿದ ಮೇಲೆ ಬದಲಾವಣೆ ಕಾಣಲು ವಾರಗಳೇ ಬೇಕು. ಅಲ್ಲಿಯವರೆಗೆ ಇನ್‌ಹೇಲರ್ ನೀವಾಗಿ ನಿಲ್ಲಿಸಬೇಡಿ. ಪಕ್ಕೆ ಒಳಗೆಳೆಯುತ್ತಿದ್ದರೆ, ಮಾತಾಡಲು ಉಸಿರು ಸಾಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.