ರೆಡ್ ಅಲರ್ಟ್ ಸರಿ, ನಮ್ಮ ಬೈಲಿಗೆ ನೀರು ಎಷ್ಟು ಹೊತ್ತಿಗೆ?

"ಎಂಥ ರೆಡ್ ಅಲರ್ಟ್ ಮಾರಾಯ್ರೆ, ಬೆಳಗ್ಗಿನಿಂದ ಒಂದು ಹನಿ ಬೀಳಲಿಲ್ಲ." ಮಳೆಗಾಲದಲ್ಲಿ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಈ ಮಾತು ಕೇಳದವರಿಲ್ಲ. ಶಾಲೆಗೆ ರಜೆ ಕೊಟ್ಟಾಗಿರುತ್ತದೆ, ಸುರತ್ಕಲ್‌ನಲ್ಲಿ ನೋಡಿದರೆ ಬಿಸಿಲು. ಅದೇ ದಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಕುಮಾರಧಾರಾ ಸ್ನಾನಘಟ್ಟ ಮುಳುಗಿರುವುದೂ ಉಂಟು. ಕಡಲತಡಿಯಿಂದ ಘಟ್ಟದ ಬುಡದವರೆಗೆ ಜಿಲ್ಲೆ ಒಂದೇ, ಹಾಗಾಗಿ ಎಚ್ಚರಿಕೆಯ ಬಣ್ಣವೂ ಒಂದೇ.

ಈ ಬಣ್ಣಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಊರಿಡೀ ಹಬ್ಬಿದೆ. ಹವಾಮಾನ ಇಲಾಖೆಯ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಬರಿಯ ಮಳೆಯ ಅಳತೆಗಳಲ್ಲ. ಅಳತೆಗೆ ಬೇರೆ ಲೆಕ್ಕವಿದೆ. ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರ ತನಕ ಬಿದ್ದದ್ದು 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಬಣ್ಣ ಹೇಳುವುದು ನಾವು ಏನು ಮಾಡಬೇಕು ಎಂಬುದನ್ನು. ಹಳದಿ ಬಂದರೆ ಸುದ್ದಿ ಗಮನಿಸುತ್ತಿರಬೇಕು, ಕಿತ್ತಳೆಗೆ ಸಿದ್ಧರಾಗಬೇಕು, ಕೆಂಪಿಗೆ ಕೂಡಲೇ ಕ್ರಮ ಕೈಗೊಳ್ಳಬೇಕು. ಮಳೆ ಬರುವ ಸಾಧ್ಯತೆ ಎಷ್ಟು, ಬಂದರೆ ಆಗಬಹುದಾದ ಹಾನಿ ಎಷ್ಟು ಎಂದು ಎರಡನ್ನೂ ತೂಗಿ ಬಣ್ಣ ಕೊಡುತ್ತಾರೆ. ಆದ್ದರಿಂದ ಒಂದು ಊರಿನಲ್ಲಿ ಬಿಸಿಲು ಕಂಡ ಮಾತ್ರಕ್ಕೆ ಎಚ್ಚರಿಕೆ ಸುಳ್ಳಾಗುವುದಿಲ್ಲ.

204.5 ಮಿ.ಮೀ. ಎಂದರೆ ಎಷ್ಟು ನೀರು? ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿಯ ತಾರಸಿ ಸುಮಾರು 93 ಚದರ ಮೀಟರ್, ಅದರ ಮೇಲೆ ಬೀಳುವುದು 19,000 ಲೀಟರ್. ಮೇ ತಿಂಗಳಲ್ಲಿ 6,000 ಲೀಟರಿನ ಟ್ಯಾಂಕರಿಗಾಗಿ ಕಾಯುತ್ತೇವಲ್ಲ, ಅಂಥ ಮೂರು ಟ್ಯಾಂಕರ್ ನೀರು ಒಂದೇ ಮನೆಯ ಮಾಡಿನಿಂದ ಒಂದೇ ದಿನದಲ್ಲಿ ಇಳಿದು ತೋಡು ಸೇರಬೇಕು. ಪಕ್ಕದ ಮನೆಯದ್ದೂ, ಕಾಂಕ್ರೀಟ್ ರಸ್ತೆಯದ್ದೂ ಅದೇ ತೋಡಿಗೆ.

ಇಷ್ಟು ಮಳೆ ನಿಖರವಾಗಿ ಯಾವ ಊರಿಗೆ ಎಂದು ಹಿಂದಿನ ದಿನವೇ ಹೇಳುವುದು ನಿಜಕ್ಕೂ ಕಷ್ಟ. ಮುಂಗಾರು ಜೋರಾದಾಗ ಗುಜರಾತಿನಿಂದ ಕೇರಳದವರೆಗೆ ಕರಾವಳಿಯುದ್ದಕ್ಕೂ ಗಾಳಿಯ ಒತ್ತಡ ಕಡಿಮೆಯಿರುವ ಪಟ್ಟಿಯೊಂದು ಚಾಚಿಕೊಂಡಿರುತ್ತದೆ. ಅದರೊಳಗೆ ಹುಟ್ಟುವ ಸಣ್ಣ ಸುಳಿಗಳು ಎಲ್ಲಿ ನಿಂತವೋ ಅಲ್ಲಿ ಮಳೆ ಸುರಿದುಬಿಡುತ್ತದೆ. ಆದರೆ ನೆಲಕ್ಕೆ ಬಿದ್ದ ಮೇಲೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಇಷ್ಟೊಂದು ಅನಿಶ್ಚಿತತೆ ಇಲ್ಲ. ನಮ್ಮ ಎಚ್ಚರಿಕೆಗಳು ಸೋಲುತ್ತಿರುವುದು ಇಲ್ಲಿ ಎಂದೇ ನನ್ನ ಅನಿಸಿಕೆ: ಆಕಾಶದ ವಿಷಯ ಹೇಳಿ ನಿಲ್ಲಿಸುತ್ತವೆ, ನೆಲದ ವಿಷಯಕ್ಕೆ ಬರುವುದಿಲ್ಲ.

ಸಮುದ್ರದ ಉಬ್ಬರವನ್ನೇ ನೋಡಿ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಅಳಿವೆಯಲ್ಲಿ ನೀರು ಏರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಏರಿಳಿತ ಒಂದು ಮೀಟರಿಗೂ ಹೆಚ್ಚು. ಇಳಿತದ ಹೊತ್ತಿನಲ್ಲಿ ಸರಾಗ ಹರಿದುಹೋಗುವ ಮಳೆನೀರು ಉಬ್ಬರದ ಹೊತ್ತಿನಲ್ಲಿ ರಾಜಕಾಲುವೆಯಲ್ಲೇ ತಡೆದು ನಿಲ್ಲುತ್ತದೆ. ಜಪ್ಪಿನಮೊಗರಿನಂಥ ತಗ್ಗು ಪ್ರದೇಶಗಳಿಗೆ ಮಳೆಯ ಪ್ರಮಾಣದಷ್ಟೇ ಅದು ಬಿದ್ದ ಹೊತ್ತೂ ಮುಖ್ಯ. ಉಬ್ಬರದ ವೇಳೆಯನ್ನಂತೂ ವರ್ಷದ ಮೊದಲೇ ಲೆಕ್ಕಹಾಕಿ ಪಟ್ಟಿ ಮಾಡಿರುತ್ತಾರೆ!

ನದಿಗಳೂ ಹಾಗೆಯೇ. ನೇತ್ರಾವತಿ, ಕುಮಾರಧಾರಾ ಉಪ್ಪಿನಂಗಡಿಯಲ್ಲಿ ಕೂಡಿ ಬಂಟ್ವಾಳದ ಕಡೆ ಹರಿಯುತ್ತವೆ. ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್. ಘಟ್ಟದಲ್ಲಿ ಬಿದ್ದ ಮಳೆ ಅಲ್ಲಿಗೆ ಮುಟ್ಟಲು ಗಂಟೆಗಳು ಬೇಕು. "ಅಲ್ಲಿ ಹೊಳೆ ಎಷ್ಟಾಯಿತು?" ಎಂದು ಉಪ್ಪಿನಂಗಡಿಯ ನೆಂಟರಿಗೆ ಫೋನ್ ಮಾಡಿ ಕೇಳಿ, ಅಂಗಡಿಯ ಸಾಮಾನು ಅಟ್ಟಕ್ಕೇರಿಸುವ ಪಾಣೆಮಂಗಳೂರಿನ ಹಿರಿಯರು ಮಾಡುವುದು ಅಪ್ಪಟ ವಿಜ್ಞಾನ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, 15 ನಿಮಿಷಕ್ಕೊಮ್ಮೆ ಅವುಗಳಿಂದ ಮಾಹಿತಿ ಬರುತ್ತದೆ. ಆ ಹಿರಿಯರ ಲೆಕ್ಕವನ್ನು ಇನ್ನಷ್ಟು ಚೆನ್ನಾಗಿ ಮಾಡಲು ಬೇಕಾದ ಸಾಮಗ್ರಿ ನಮ್ಮಲ್ಲಿ ಇದೆ.

ತಲುಪಿಸುವ ದಾರಿಯೂ ಇದೆ. 2023ರ ಅಕ್ಟೋಬರ್ 12ರಂದು ರಾಜ್ಯದಲ್ಲಿ ಫೋನುಗಳು ಒಮ್ಮೆಲೇ ವಿಚಿತ್ರವಾಗಿ ಕೂಗಿಕೊಂಡದ್ದು ನೆನಪಿದೆಯೇ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಎಸ್ಸೆಮ್ಮೆಸ್ ಒಂದೊಂದು ನಂಬರಿಗೂ ಬೇರೆ ಬೇರೆಯಾಗಿ ಹೋಗಬೇಕು, ಲಕ್ಷಗಟ್ಟಲೆ ಜನರಿಗೆ ಕಳಿಸುವಾಗ ಸಾಲು ಹತ್ತುತ್ತದೆ. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಟವರು ತನ್ನ ವ್ಯಾಪ್ತಿಯ ಫೋನುಗಳಿಗೆಲ್ಲ ಒಂದೇ ಸಲ ಸಾರುತ್ತದೆ. ಯಾರ ನಂಬರೂ ಬೇಡ, ಇಂಟರ್‌ನೆಟ್ಟೂ ಬೇಡ. ಮಲ್ಪೆ ಬೀಚಿಗೆ ಹೊರರಾಜ್ಯದಿಂದ ಬಂದವರ ಫೋನಿಗೂ ಸಿಗುತ್ತದೆ. ಸೈಲೆಂಟಿನಲ್ಲಿಟ್ಟು ಮಲಗಿದವರನ್ನೂ ಎಬ್ಬಿಸಬಲ್ಲದು. 2020ರ ಸೆಪ್ಟೆಂಬರಿನ ಆ ಶನಿವಾರ ರಾತ್ರಿ ಬಿಡದೆ ಮಳೆ ಹೊಡೆದು, 20ರ ಭಾನುವಾರ ಬೆಳಗಾಗುವಾಗ ಉಡುಪಿಯ ಕಲ್ಸಂಕ, ಬೈಲಕೆರೆ, ಗುಂಡಿಬೈಲು ನೀರಿನಲ್ಲಿದ್ದವು. ನಿದ್ದೆಯಿಂದ ಎಬ್ಬಿಸುವ ಎಚ್ಚರಿಕೆಯ ಬೆಲೆ ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ವ್ಯವಸ್ಥೆ ಬಳಸುವುದು ಅಂತಾರಾಷ್ಟ್ರೀಯವಾಗಿ ಒಪ್ಪಿಕೊಂಡ ಒಂದು ನಮೂನೆಯನ್ನು. ಅದರಲ್ಲಿ ಎಷ್ಟು ತುರ್ತು, ಎಷ್ಟು ತೀವ್ರ, ಎಷ್ಟು ಖಚಿತ ಎಂದು ತುಂಬಲು ಬೇರೆ ಬೇರೆ ಜಾಗಗಳಿವೆ. ನಕ್ಷೆಯ ಮೇಲೆ ಗೆರೆ ಎಳೆದು ಪ್ರದೇಶ ಗುರುತಿಸಬಹುದು. ಜನ ಏನು ಮಾಡಬೇಕು ಎಂದು ಬರೆಯಲೂ ಜಾಗವಿದೆ. ನನಗೆ ಸಂಕಟವಾಗುವುದು ಈ ಕೊನೆಯ ಜಾಗದ ವಿಷಯದಲ್ಲಿ. "ಭಾರಿ ಮಳೆಯ ಸಾಧ್ಯತೆ, ಎಚ್ಚರದಿಂದಿರಿ" ಎಂದರೆ ಆಷಾಢದ ಕರಾವಳಿಯಲ್ಲಿ ಯಾರು ಏನು ಮಾಡಿಯಾರು?

ಮೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು ಪೇಪರಿನಲ್ಲಿ ಓದಿ ನೋಡಿ. ಯಾವ ಫೀಡರ್, ಯಾವ ಯಾವ ಕೇರಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ತನಕ, ಯಾಕೆ ಎಂದು ಎಲ್ಲವೂ ಇರುತ್ತದೆ. ತಮ್ಮ ಊರಿನ ಹೆಸರು ಕಂಡವರು ಒಂಬತ್ತೂವರೆಗೇ ಪಂಪ್ ಹಾಕಿ ಟ್ಯಾಂಕ್ ತುಂಬಿಸುತ್ತಾರೆ, ದೋಸೆಗೆ ನೆನೆದ ಅಕ್ಕಿಯನ್ನು ಗ್ರೈಂಡರಿಗೆ ಹಾಕುತ್ತಾರೆ. ಯಾರೂ ಗಾಬರಿಯಾಗುವುದಿಲ್ಲ. ಮಳೆಯ ಎಚ್ಚರಿಕೆಯೂ ಹೀಗೇ ಮಾತಾಡಲಿ: "ರಾತ್ರಿ 11.40ಕ್ಕೆ ಉಬ್ಬರ. ತಗ್ಗಿನ ಮನೆಯವರು ಅದಕ್ಕೆ ಮುಂಚೆ ವಾಹನಗಳನ್ನು ಎತ್ತರದ ಜಾಗಕ್ಕೆ ಒಯ್ಯಿರಿ, ಮೇನ್ ಸ್ವಿಚ್ ಆಫ್ ಮಾಡಿ. 3 ಗಂಟೆಯ ತನಕ ಕೊಟ್ಟಾರ ಚೌಕಿ ಕಡೆ ಹೋಗಬೇಡಿ." ಇಂಥ ಮಾತು ದೆಹಲಿಯಲ್ಲಿ ಕೂತು ಬರೆಯುವಂಥದ್ದಲ್ಲ. ಯಾವ ಮೋರಿ ಮೊದಲು ಉಕ್ಕುತ್ತದೆ ಎಂದು ಗೊತ್ತಿರುವ ಪಾಲಿಕೆಯ ಎಂಜಿನಿಯರು, ಪಂಚಾಯಿತಿಯ ಪಿಡಿಒ ಬರೆಯಬೇಕು.

ಒಂದು ದೊಡ್ಡ ತೊಡಕು ಉಳಿದಿದೆ. ಗಾಳಿಗೆ ಮರ ಬಿದ್ದು ಲೈನ್ ಹೋದರೆ ಟವರಿನ ಬ್ಯಾಟರಿ ಬಾಳುವುದು ಕೆಲವೇ ಗಂಟೆ. ಜನರೇಟರ್ ಇಲ್ಲದ ಕಡೆ ನೆಟ್‌ವರ್ಕ್ ಹೋಯಿತು ಎಂದೇ ಲೆಕ್ಕ. ಸುಳ್ಯ, ಬೆಳ್ತಂಗಡಿಯ ಒಳಭಾಗದವರಿಗೆ ಇದು ಪ್ರತಿವರ್ಷದ ಅನುಭವ. ಅಂಥ ಕಡೆ ರಿಕ್ಷಾಕ್ಕೆ ಮೈಕ್ ಕಟ್ಟಿ ಕೂಗಿ ಹೇಳುವ ಏರ್ಪಾಡನ್ನು ಮೇ ತಿಂಗಳಲ್ಲೇ ಮಾಡಿಟ್ಟಿರಬೇಕು.

ಸದ್ಯಕ್ಕೆ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆ ಆನ್ ಇದೆಯೇ ನೋಡಿ, ಅಜ್ಜ ಅಜ್ಜಿಯ ಫೋನಿನಲ್ಲೂ ನೋಡಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ಮೆಸ್ಕಾಂನ 1912 ಎರಡನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ರಜೆಯ ಆದೇಶಕ್ಕೆ ದಿನಾಂಕ ಇದೆಯೇ ಎಂದು ಓದಿದ ನಂತರವೇ ಮುಂದೆ ಕಳಿಸಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ, ಅದರ ಲೆಕ್ಕ ಯಾರು ನೋಡುತ್ತಾರೆ ಎಂದು ಕೇಳಿ.