ಮದುವೆ ಮಾಡಿದ್ರೆ ಸರಿಹೋಗ್ತಾನಾ ಡಾಕ್ಟ್ರೇ?

‘ಚೀಟಿಯಲ್ಲಿ ನಿಮ್ಮ ಹೆಸರು ಬೇಡ ಸಾರ್. ಬಿಳಿ ಹಾಳೆ ಮೇಲೆ ಮಾತ್ರೆ ಹೆಸರಷ್ಟೇ ಬರ್ಕೊಡಿ.’

ಮನೋವೈದ್ಯನಾಗಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಕೇಳಿದವರು ಒಬ್ಬ ತಾಯಿ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಮಗನಿಗೆ 27 ವರ್ಷ, ಬೈಪೋಲಾರ್ ಕಾಯಿಲೆ; ಅಂದರೆ ಮನಸ್ಸು ಕೆಲವು ಕಾಲ ಅತಿಯಾದ ಹುರುಪಿಗೆ ಏರುತ್ತದೆ, ಕೆಲವು ಕಾಲ ಖಿನ್ನತೆಗೆ ಇಳಿಯುತ್ತದೆ. ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾ ಎರಡು ವರ್ಷದಿಂದ ಚೆನ್ನಾಗಿದ್ದಾನೆ, ಕೆಲಸಕ್ಕೆ ಹೋಗುತ್ತಿದ್ದಾನೆ. ಮುಂದಿನ ತಿಂಗಳು ನಿಶ್ಚಿತಾರ್ಥ. ಹೆಣ್ಣಿನ ಮನೆಯವರಿಗೆ ಏನೂ ಹೇಳಿಲ್ಲ. ‘ಮದುವೆ ಆದ್ಮೇಲೆ ಹೇಗೂ ಸರಿಹೋಗ್ತಾನೆ, ಮಾತ್ರೆ ನಿಲ್ಲಿಸಬಹುದು ಅಲ್ವಾ?’ ಅಂದರು.

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಬಿಡಿಸಲಾಗದ ಗಂಟಿನ ಬಗ್ಗೆ ಹೇಳುವ ಗಾದೆ ಇದು. ಎಷ್ಟೋ ಮನೆಗಳಲ್ಲಿ ಇದರ ಎರಡನೇ ಅರ್ಧವನ್ನೇ ಔಷಧಿ ಮಾಡಿಕೊಂಡಿದ್ದಾರೆ.

ಹಾಗಾಗುವುದಕ್ಕೆ ಕಾರಣವೂ ಇದೆ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ಕಾಯಿಲೆ), ಬೈಪೋಲಾರ್ ಎರಡೂ ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ನಂತರದ ವರ್ಷಗಳಲ್ಲಿ. ಮನೆಯಲ್ಲಿ ಮದುವೆ ಮಾತು ಏಳುವುದೂ ಆಗಲೇ. ಹುಡುಗ ರಾತ್ರಿಯೆಲ್ಲ ಎದ್ದಿರುತ್ತಾನೆ, ಒಬ್ಬನೇ ಮಾತಾಡಿಕೊಳ್ಳುತ್ತಾನೆ. ನೋಡಿದ ಹಿರಿಯರು ‘ವಯಸ್ಸಿಗೆ ಬಂದಿದ್ದಾನೆ, ಒಂದು ಹೆಣ್ಣು ತನ್ನಿ’ ಅನ್ನುತ್ತಾರೆ. ಬೈಪೋಲಾರ್ ಕಾಯಿಲೆ ಅಲೆಯ ಹಾಗೆ ಬಂದು ಹೋಗುತ್ತದೆ. ಔಷಧಿ ಇಲ್ಲದೆಯೂ ಕೆಲವು ತಿಂಗಳಿಗೆ ತಣ್ಣಗಾಗಬಹುದು. ಅಷ್ಟರಲ್ಲಿ ಮದುವೆ ಆಗಿದ್ದರೆ ಮದುವೆಯಿಂದ ವಾಸಿಯಾಯಿತು ಅನ್ನುತ್ತಾರೆ. ಹರಕೆ ಹೊತ್ತಿದ್ದರೆ ಹರಕೆಯಿಂದ. ಮುಂದಿನ ಅಲೆ ಬಂದಾಗ ‘ಸೊಸೆ ಕಾಲ್ಗುಣ ಸರಿ ಇಲ್ಲ’ ಅನ್ನುತ್ತಾರೆ. ಈ ಮಾತು ನನಗೆ ತುಂಬಾ ನೋವು ಕೊಡುತ್ತದೆ.

ಮದುವೆ ಮನೆಯ ಗದ್ದಲವೇ ಈ ಕಾಯಿಲೆಯನ್ನು ಕೆರಳಿಸಬಹುದು. ಚಪ್ಪರ, ಅರಿಶಿನ, ವರಪೂಜೆ, ಆರತಕ್ಷತೆ, ಬೆಳಗಿನ ಜಾವದ ಮುಹೂರ್ತ. ಮೂರು ದಿನ ಸರಿಯಾಗಿ ನಿದ್ದೆ ಇರುವುದಿಲ್ಲ. ಬೈಪೋಲಾರ್ ಇರುವವರಿಗೆ ನಿದ್ದೆ ಕೆಟ್ಟರೆ ಸಾಕು, ಉನ್ಮಾದ, ಅಂದರೆ ಆ ಅತಿಯಾದ ಹುರುಪಿನ ಸ್ಥಿತಿ, ಮರುಕಳಿಸಬಹುದು. ಅದೇ ವಾರ, ಬೀಗರ ಕಣ್ಣಿಗೆ ಬೀಳಬಾರದು ಅಂತ ಮನೆಯವರು ಮಾತ್ರೆಯನ್ನೂ ನಿಲ್ಲಿಸಿಬಿಡುತ್ತಾರೆ. ಲಿಥಿಯಂ ದಿಢೀರ್ ಅಂತ ನಿಲ್ಲಿಸುವುದು ತುಂಬಾ ಅಪಾಯ. ಮದುವೆಯಾದ ಎರಡನೇ ವಾರದಲ್ಲೇ ಮದುಮಗನನ್ನು ಅಡ್ಮಿಟ್ ಮಾಡಿಸಿಕೊಂಡಿದ್ದೇನೆ. ಕೈಯ ಮೆಹಂದಿ ಇನ್ನೂ ಮಾಸದ ಹುಡುಗಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಏನಾಗಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಕಾಯಿಲೆ ಹೆಣ್ಣಿಗಿದ್ದರೆ ಕಷ್ಟ ಇನ್ನೂ ಜಾಸ್ತಿ. ಮಗನಿಗಾದರೆ ಬಡವರ ಮನೆಯ ಹೆಣ್ಣನ್ನು ಹುಡುಕಿ ತರುತ್ತಾರೆ. ಸೊಸೆಗಾದರೆ ತವರಿಗೆ ಬಿಟ್ಟು ಬರುತ್ತಾರೆ. ಮದುವೆಯಿಂದ ಸರಿಹೋಗದಿದ್ದರೆ ‘ಒಂದು ಮಗು ಆಗ್ಲಿ’ ಅನ್ನುವ ಸಲಹೆ ಬೇರೆ. ನಮ್ಮಲ್ಲಿ ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಹೆರಿಗೆಯಾದ ಮೊದಲ ವಾರಗಳಲ್ಲಿ ಬರುವ ಆ ತೀವ್ರ ಕಾಯಿಲೆ 1000 ಹೆರಿಗೆಗೆ ಒಂದೆರಡು ತಾಯಂದಿರಲ್ಲಿ ಕಾಣಿಸುತ್ತದೆ. ಬೈಪೋಲಾರ್ ಇರುವ ಹೆಂಗಸರಲ್ಲಿ ಆ ಸಾಧ್ಯತೆ ಎಷ್ಟೋ ಪಟ್ಟು ಹೆಚ್ಚು. ಬೈಪೋಲಾರ್‌ಗೆ ಕೊಡುವ ವಾಲ್ಪ್ರೋಯೇಟ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಮೊದಲೇ ತಿಳಿಸಿದರೆ ಮಾತ್ರೆ ಬದಲಿಸಬಹುದು, ಬಾಣಂತನದಲ್ಲಿ ರಾತ್ರಿ ಮಗುವನ್ನು ಯಾರು ನೋಡಿಕೊಳ್ಳಬೇಕು ಅಂತಲೂ ಗೊತ್ತು ಮಾಡಬಹುದು. ಗಂಡನಿಗೇ ಗೊತ್ತಾಗದ ಹಾಗೆ ಮುಚ್ಚಿಟ್ಟ ಕಾಯಿಲೆಗೆ ಇದು ಯಾವುದೂ ಸಾಧ್ಯವಿಲ್ಲ.

ಹೇಳಿದರೆ ಸಂಬಂಧ ಮುರಿಯುತ್ತದೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ, ನಿಜವಾಗಿಯೂ ಮುರಿಯುತ್ತದೆ. ಆದರೆ ಮುಚ್ಚಿಟ್ಟು ಮದುವೆ ಮಾಡಿದರೆ ಅದನ್ನೇ ವಂಚನೆ ಅಂತ ಹೇಳಿ ಮದುವೆ ರದ್ದು ಮಾಡಿ ಎಂದು ಕೋರ್ಟಿಗೆ ಹೋಗಬಹುದು. ಇನ್ನೊಂದು ಕಡೆ, ಕಾಯಿಲೆಯ ಹೆಸರೊಂದೇ ವಿಚ್ಛೇದನಕ್ಕೆ ಸಾಲುವುದಿಲ್ಲ. ಸ್ಕಿಜೋಫ್ರೇನಿಯಾ ಅನ್ನುವ ಹಣೆಪಟ್ಟಿ ಇದ್ದರಷ್ಟೇ ಸಾಲದು, ಅದು ಬಾಳನ್ನು ಎಷ್ಟು ಕೆಡಿಸಿದೆ ಎಂದು ನೋಡಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಹೆಣ್ಣಿನ ಕಡೆಯವರು ಗುಟ್ಟಾಗಿ ಬಂದು ‘ಆ ಹುಡುಗ ನಿಮ್ಮಲ್ಲಿ ತೋರಿಸ್ತಾನಾ?’ ಅಂತ ಕೇಳುವುದೂ ಉಂಟು. ನಾನು ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಆ ಗುಟ್ಟು ರೋಗಿಯದು. ಹೇಳಬೇಕಾದವರು ಅವರೇ. ಬೇಕಾದರೆ ಎರಡೂ ಮನೆಯವರನ್ನು ಕೂರಿಸಿಕೊಂಡು ಮಾತಾಡಲು ನಾನು ಸಿದ್ಧ ಅನ್ನುತ್ತೇನೆ.

ಆ ತಾಯಿ ಮಾತಾಡುವಷ್ಟು ಹೊತ್ತೂ ಮಗ ಪಕ್ಕದಲ್ಲೇ ಸುಮ್ಮನೆ ಕೂತಿದ್ದ. ‘ನಿಮಗೇನನ್ನಿಸುತ್ತೆ?’ ಅಂದೆ.

‘ಹೇಳ್ಬೇಕು ಸಾರ್. ಜೀವನ ಪೂರ್ತಿ ಬಾತ್‌ರೂಮಲ್ಲಿ ನಿಂತು ಮಾತ್ರೆ ನುಂಗೋಕಾಗಲ್ಲ.’

ಹೇಳಿದರು. ಆ ಸಂಬಂಧ ತಪ್ಪಿಹೋಯಿತು. ತಾಯಿ ನನ್ನ ಮೇಲೆ ಸಿಟ್ಟಾದರು, ಆರು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಹುಡುಗ ಮಾತ್ರ ತಪ್ಪದೆ ಬಂದು ಲಿಥಿಯಂ ಮಟ್ಟ ನೋಡಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗುತ್ತಿದ್ದ.

ಎರಡು ವರ್ಷ ಕಳೆದ ಮೇಲೆ ಇನ್ನೊಂದು ಸಂಬಂಧ ಬಂತು. ಈ ಸಲ ಹುಡುಗಿ, ಅವಳ ಅಣ್ಣ ಇಬ್ಬರೂ ನನ್ನ ಕೋಣೆಗೆ ಬಂದರು. ಒಂದು ಗಂಟೆ ಪ್ರಶ್ನೆ ಕೇಳಿದರು. ಮಕ್ಕಳಿಗೆ ಬರುತ್ತಾ, ಮಾತ್ರೆ ಎಷ್ಟು ವರ್ಷ, ಜೋರಾಗುವ ಮುಂಚೆ ಏನು ಕಾಣಿಸುತ್ತೆ. ಗೊತ್ತಿದ್ದುದನ್ನೆಲ್ಲ ಹೇಳಿದೆ. ಮದುವೆ ದಿನ ನಿದ್ದೆ ಕೆಡಬಾರದು ಅಂತಲೂ ಹೇಳಿದೆ. ಮುಹೂರ್ತ ಹತ್ತು ಗಂಟೆಯ ಮೇಲೆ ಇಟ್ಟುಕೊಂಡರು. ಹಿಂದಿನ ರಾತ್ರಿ ಛತ್ರದಲ್ಲಿ ಹುಡುಗ ಮಾತ್ರೆ ತೆಗೆದುಕೊಂಡು ಒಂಬತ್ತೂವರೆಗೆ ಮಲಗಿದನಂತೆ. ಯಾರೂ ಬಾಗಿಲು ತಟ್ಟದ ಹಾಗೆ ಆ ಅಣ್ಣ ಹೊರಗೆ ಕುರ್ಚಿ ಹಾಕಿಕೊಂಡು ಬೆಳಗಿನವರೆಗೆ ಕೂತಿದ್ದರಂತೆ.